ಎಲ್ದಿಯಾರನ ಪ್ರಶ್ನೆಪುಸ್ತಿಕೆ

ಪರೀಕ್ಷೆ ನಡೆಸಲು ಬಂದಿದ್ದ ಗುಲ್ಜಾತ್ ಪ್ರಶ್ನೆಪುಸ್ತಿಕೆಗಳನ್ನು ಎಣಿಸಿದಳು. ಮತ್ತೆ ಎಣಿಸಿದಳು. ಮೂರನೆಯ ಸಲ ಮೇಜಿನ ಮೇಲೆ ಒಂದೊಂದನ್ನೇ ಸಾಲಾಗಿ ಹರಡಿ ಎಣಿಸಿದಳು.

"ಮೇಷ್ಟ್ರೇ, ಒಂದು ಪುಸ್ತಿಕೆ ಇಲ್ಲ."

"ಇಲ್ಲ ಅಂದ್ರೆ?" ಎಂದ ಗಣಿತದ ಮೇಷ್ಟ್ರು ಕುಬಾತ್. "ನಿನ್ನೆ ಮಧ್ಯಾಹ್ನ ಇಬ್ರೂ ಕೂತು ಎಣಿಸಿದ್ವಲ್ಲ?"

"ನಿನ್ನೆ ಇತ್ತು. ಇವತ್ತಿಲ್ಲ."

ಕಬ್ಬಿಣದ ಕಪಾಟಿನ ಬೀಗ ಮುರಿದಿರಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಅಂಟಿಸಿ ಮೂವರು ಸಹಿ ಹಾಕಿದ್ದ ಕಾಗದದ ಪಟ್ಟಿಯೂ ಹರಿದಿರಲಿಲ್ಲ. ಈಗಷ್ಟೇ ಗುಲ್ಜಾತಳೇ ಅದರ ಒಂದು ತುದಿಯನ್ನು ಬ್ಲೇಡಿನಿಂದ ಬಿಡಿಸಿದ್ದಳು. ಹೊರಗೆ ಬೋಜ್-ತೆಕೆ ಶಾಲೆಯ ಹದಿನೈದು ವರ್ಷದ ಮಕ್ಕಳು ಬಿಳಿ ಅಂಗಿ ತೊಟ್ಟು, ಪೆನ್ನು ಹಿಡಿದು, ಗೋಡೆಗೊರಗಿ ನಿಂತಿದ್ದರು. ಇವತ್ತು ಪರೀಕ್ಷೆಯಿಲ್ಲ ಎಂದು ಅವರನ್ನು ಮನೆಗೆ ಕಳಿಸಿದರು.

ಫೋನು ಬಂದಾಗ ಮೈರಮ್ ಜಿಲ್ಲಾ ಪಟ್ಟಣದ ಇನ್ನೊಂದು ಶಾಲೆಯಲ್ಲಿ ಇಂಥದೇ ಪ್ರಶ್ನೆಪುಸ್ತಿಕೆಗಳ ಪೆಟ್ಟಿಗೆ ಕಾಯುತ್ತ ಕೂತಿದ್ದಳು. ಹಿಂದೆ ಪೊಲೀಸ್ ಇಲಾಖೆಯಲ್ಲಿ ಕೊಲೆ, ಕುದುರೆ ಕಳವು ಪತ್ತೆ ಮಾಡಿದ ಹೆಂಗಸು. ಈಗ ರಾಜಧಾನಿಯ ಮೌಲ್ಯಮಾಪನ ಕಚೇರಿಯಲ್ಲಿ ಪ್ರಶ್ನೆಪತ್ರಿಕೆಗಳ ಕಾವಲು. ಹತ್ತಾರು ದೇಶಗಳ ಮಕ್ಕಳು ಒಂದೇ ಪರೀಕ್ಷೆ ಬರೆಯುತ್ತಾರೆ, ಆಮೇಲೆ ಯಾರು ಮೇಲೆ ಯಾರು ಕೆಳಗೆ ಎಂದು ಸರ್ಕಾರಗಳು ಒಂದು ಕೋಷ್ಟಕ ಹೊರಡಿಸುತ್ತವೆ. ಹೋದ ಸಲದ ಕೋಷ್ಟಕ ಮೈರಮ್‌ಳ ಕಚೇರಿಯ ಗೋಡೆಯ ಮೇಲಿತ್ತು. ಅದರ ಕಟ್ಟಕಡೆಯ ಸಾಲಿನಲ್ಲಿ ಅವಳ ದೇಶವಿತ್ತು. ಮೊದಮೊದಲು ಅದನ್ನು ನೋಡಿದರೆ ನಾಚಿಕೆಯಾಗುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು. ಈಗ ಏನೂ ಆಗುತ್ತಿರಲಿಲ್ಲ.

ಒಂದು ಪುಸ್ತಿಕೆ ಹೊರಗೆ ಹೋಯಿತೆಂದರೆ ದೇಶವನ್ನೇ ಕೋಷ್ಟಕದಿಂದ ತೆಗೆಯುತ್ತಾರೆ. ಕೊನೆಯ ಸಾಲೂ ಕೈತಪ್ಪುತ್ತದೆ ಎಂದುಕೊಂಡು ಅವಳು ಜೀಪು ಹತ್ತಿದಳು.

ಹೆಡ್ಮಾಸ್ಟರ್ ಸಾದಿರ್ಬೆಕ್ ತನ್ನ ಬಿಳಿ ಕಂಬಳಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ತಿರುಗಿಸುತ್ತಿದ್ದ.

"ಕೀಲಿ ಯಾರ ಹತ್ರ ಇತ್ತು?" ಮೈರಮ್ ಕೇಳಿದಳು.

"ಕುಬಾತ್ ಹತ್ರ. ದಿಂಬಿನ ಕೆಳಗೆ ಇಟ್ಕೊಂಡು ಮಲಗಿದ್ನಂತೆ."

"ಇನ್ನೊಂದು ಕೀಲಿ?"

"ಈ ಕಪಾಟಿಗೆ ಇರೋದು ಒಂದೇ."

"ಕಪಾಟು ಯಾವ ಕಾಲದ್ದು?"

"ಸೋವಿಯತ್ ಕಾಲದ್ದು ಅಕ್ಕಾ. ಶಾಲೆಯ ಕಪಾಟುಗಳೆಲ್ಲ ಒಂದೇ ಲಾರೀಲಿ ಬಂದಿದ್ವು. ನನಗಿಂತ ಗಟ್ಟಿ ಅವು."

"ಪಟ್ಟಿ ಅಂಟಿಸಿದ್ದು ಯಾತರಿಂದ?"

"ಮೈದಾ ಅಂಟಿಂದ. ಗೋಂದು ಮುಗಿದಿತ್ತು," ಎಂದ ಕುಬಾತ್.

ಮೈರಮ್ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಸಹಿಗಳು ಸರಿಯಾಗಿದ್ದವು. ಅಂಚು ಸ್ವಲ್ಪ ಸುಕ್ಕಾಗಿತ್ತು. ಒಂದು ಮೂಲೆಯಲ್ಲಿ ಹೆಬ್ಬೆಟ್ಟಿನಗಲ ಎಣ್ಣೆಯ ಕಲೆ. ಮೂಸಿ ನೋಡಿದಳು. ಕರಿದ ಎಣ್ಣೆ.

"ಇಲ್ಲಿ ಯಾರಾದ್ರೂ ಏನಾದ್ರೂ ಕರಿದ್ರಾ?"

"ಶಾಲೇಲಿ ಕರಿಯೋದು ನಿಷೇಧ. ಮಕ್ಕಳಿಗೆ ಗಂಜಿ ಅಷ್ಟೇ," ಎಂದ ಹೆಡ್ಮಾಸ್ಟರ್.

ಪ್ರತಿ ಪುಸ್ತಿಕೆಯೂ ಪ್ಲಾಸ್ಟಿಕ್ ಹೊದಿಕೆಯೊಳಗೆ ಮುಚ್ಚಿದ್ದು, ಮೇಲೆ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು ಅಚ್ಚಾಗಿತ್ತು. ಹಾಗಾಗಿ ಕಳೆದದ್ದು ಯಾರದು ಎಂದು ತಿಳಿಯುವುದು ಕಷ್ಟವಾಗಲಿಲ್ಲ.

"ಎಲ್ದಿಯಾರ್ ಅನ್ನೋ ಹುಡುಗನದು," ಗುಲ್ಜಾತ್ ಹೇಳಿದಳು.

ಹೆಡ್ಮಾಸ್ಟರ್ ಕಿಟಕಿಯ ಕಡೆ ನೋಡಿದ. ಕುಬಾತ್ ನೆಲ ನೋಡಿದ.

"ಎಲ್ಲಿದಾನೆ ಅವನು?"

"ಮಾಸ್ಕೋದಲ್ಲಿ," ಎಂದ ಹೆಡ್ಮಾಸ್ಟರ್. "ಅಪ್ಪ ಅಮ್ಮ ಅಲ್ಲೇ ದುಡೀತಾರೆ. ಈ ಹೆಸರುಪಟ್ಟಿ ಹೋದ ಶರತ್ಕಾಲದ ಹಾಜರಿ ನೋಡಿ ಮಾಡಿದ್ದು. ಅವನು ಆಮೇಲೆ ಹೋದ."

"ಮತ್ತೆ ಹಾಜರಿಯಿಂದ ಹೆಸರು ಹೊಡೆದುಹಾಕ್ಲಿಲ್ಲ ಯಾಕೆ?"

ಸಾದಿರ್ಬೆಕ್ ಟೋಪಿಯನ್ನು ಮತ್ತೆ ತಿರುಗಿಸತೊಡಗಿದ. ಬಾಯೊಳಗಿನ ಬಿಸಿತುಪ್ಪ ಉಗುಳಲೂ ಆಗದು, ನುಂಗಲೂ ಆಗದು ಎನ್ನುವ ಮುಖ.

ಗುಲ್ಜಾತ್ ಮೈರಮ್‌ಳನ್ನು ಪಕ್ಕಕ್ಕೆ ಕರೆದಳು. ರಾಜಧಾನಿಯಿಂದ ಬಂದ ಚಿಕ್ಕ ಹುಡುಗಿ, ಅತ್ತು ಅತ್ತು ಮೂಗು ಕೆಂಪಾಗಿತ್ತು. "ಅಕ್ಕಾ, ಕುಬಾತ್ ಮೇಷ್ಟ್ರು ರಜೇಲಿ ರಾಜಧಾನಿಗೆ ಬಂದು ಟ್ಯೂಷನ್ ಹೇಳ್ತಾರಂತೆ. ಟ್ಯೂಷನ್ನಿನವರು ಈ ಪ್ರಶ್ನೆಗಳಿಗೆ ಬಾಯಿ ಬಿಟ್ಕೊಂಡು ಕೂತಿರ್ತಾರೆ. ಪರೀಕ್ಷೆಗೆ ಬಾರದ ಹುಡುಗನ ಪುಸ್ತಿಕೆ ಕದ್ರೆ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡ್ರೋ ಏನೋ! ಕೀಲಿ ಬೇರೆ ಅವರ ಹತ್ರಾನೇ ಇತ್ತು."

"ಬೇಲಿನೇ ಎದ್ದು ಹೊಲ ಮೇಯ್ತು ಅಂತೀಯ. ಬಾರದ ಹುಡುಗನ ಪುಸ್ತಿಕೆ ನೀನು ಏನು ಮಾಡ್ತಿದ್ದೆ?"

"ಪರೀಕ್ಷೆಗೆ ಮುಂಚೆ ಒಂದೊಂದೇ ಪುಸ್ತಿಕೆ ಎತ್ತಿ ಅದರ ಮೇಲಿನ ಹೆಸರು ಗಟ್ಟಿಯಾಗಿ ಕೂಗಬೇಕು. ಬಾರದಿದ್ರೆ ಕಾರಣ ಕೇಳಿ, 'ಗೈರುಹಾಜರು' ಅಂತ ಬರೆದು ವಾಪಸ್ ಇಡೋದು. ನಿನ್ನೆ ಇವರಿಗೆಲ್ಲ ವಿವರವಾಗಿ ಹೇಳಿದ್ದೆ."

"ಹೇಳುವಾಗ ಯಾರ್ಯಾರಿದ್ರು?"

"ನಾವು ಮೂವರೇ. ಬೇರೆ ಯಾರೂ ಇರಲಿಲ್ಲ."

ಊರಿನಲ್ಲಿ ಹೋಟೆಲಿರಲಿಲ್ಲ. ಊಟಕ್ಕೆ ಬಾತ್ಮಾ ಅಪಾಳ ಮನೆಗೆ ಹೋಗಿ ಎಂದ ಹೆಡ್ಮಾಸ್ಟರ್. ಶಾಲೆಯ ಹಿಂದಿನ ಮನೆ. ಶಾಲೆ ಗುಡಿಸುವುದು, ಒಲೆ ಉರಿಸುವುದು ಎಲ್ಲ ಆಕೆಯೇ. ಊರಿಗೆಲ್ಲ ಆಕೆ ಅಪಾ, ಅಂದರೆ ಅಮ್ಮ.

"ಒಂದು ಮಾತು ಅಕ್ಕಾ," ಸಾದಿರ್ಬೆಕ್ ದನಿ ತಗ್ಗಿಸಿದ. "ಎಲ್ದಿಯಾರ್ ಅವರ ಮೊಮ್ಮಗ. ಚೊಚ್ಚಲು ಮಗು ಅಂತ ಹುಟ್ಟಿದಾಗಲೇ ಅಜ್ಜಿ ಮಡಿಲಿಗೆ ಹಾಕಿದ್ರು, ನಮ್ಮಲ್ಲಿ ಹಾಕ್ತಾರಲ್ಲ ಹಾಗೆ. ಅವನು ಅಮ್ಮ ಅಂತ ಕರೀತಿದ್ದಿದ್ದು ಇವರನ್ನೇ. ಅಪಾಗೆ ಎದೆ ಕಾಯಿಲೆ. ಪುಸ್ತಿಕೆ ವಿಷಯ ಎತ್ತಬೇಡಿ."

ಅಂಗಳದಲ್ಲಿ ಕರಗಿದ ಹಿಮದ ಕೆಸರು. ಶಾಲೆಯ ಒಂದು ಮಗ್ಗುಲಿನ ಕಿಟಕಿಗಳಿಗೆ ಚಳಿಗಾಲದಲ್ಲಿ ಸಂದು ಮುಚ್ಚಲು ಅಂಟಿಸಿದ ಕಾಗದದ ಪಟ್ಟಿಗಳು ಇನ್ನೂ ಇದ್ದವು, ಇನ್ನೊಂದು ಮಗ್ಗುಲಿನವನ್ನು ಕಿತ್ತಾಗಿತ್ತು. ಕಿತ್ತ ಪಟ್ಟಿಗಳು ಅಪಾಳ ಅಂಗಳದ ಹಗ್ಗದ ಮೇಲೆ ಶಾವಿಗೆಯ ಹಾಗೆ ಉದ್ದುದ್ದ ನೇತಾಡುತ್ತಿದ್ದವು. ಬರುವ ವರ್ಷಕ್ಕೂ ಬೇಕಲ್ಲ! ಮೈರಮ್ ಅವುಗಳ ಕೆಳಗೆ ಬಗ್ಗಿ ಒಳಗೆ ಹೋದಳು.

ಬಾತ್ಮಾ ಅಪಾ ಮೇಜುಬಟ್ಟೆಯ ಮೇಲೆ ಬೋರ್ಸೋಕ್ ಸುರಿದಳು. ಎಣ್ಣೆಯಲ್ಲಿ ಕರಿದ ಪುಟ್ಟ ಪುಟ್ಟ ಹಿಟ್ಟಿನ ತುಂಡುಗಳು. ಪಕ್ಕದಲ್ಲಿ ಬೆಣ್ಣೆ, ಒಂದು ಬಟ್ಟಲಲ್ಲಿ ಡಬ್ಬಿಯ ಗಟ್ಟಿ ಸಿಹಿಹಾಲು.

"ತಿನ್ನು ಮಗಳೇ. ನಿನ್ನೆ ಗುರುವಾರ ಅಲ್ವಾ, ಕರಿದು ಸಿಹಿಹಾಲಿನ ಜೊತೆ ಇಟ್ಟಿದ್ದೆ. ತಿಂದ್ರೆ ಹೋದವರಿಗೆ ಸೇರುತ್ತೆ."

"ಯಾರಿಗೆ ಅಪಾ?"

"ನಮ್ಮ ಮುದುಕನಿಗೆ. ಹೋಗಿ ಎಷ್ಟೋ ಕಾಲ ಆಯ್ತು."

"ನೀವೂ ಸಿಹಿಹಾಲು ಹಚ್ಕೊಳ್ಳಿ."

"ಡಾಕ್ಟ್ರು ನನಗೆ ಸಿಹಿ ಮುಟ್ಟಬೇಡ ಅಂದಿದಾರೆ. ನಮ್ಮ ಮುದುಕನೂ ಅಷ್ಟೇ, ಸಿಹಿ ಕಂಡ್ರೆ ಮೂತಿ ತಿರುವ್ತಿದ್ದ. ಉಪ್ಪು ಹಾಕಿದ ಚಹಾನೇ ಆಗಬೇಕು ಅವನಿಗೆ."

ಗೋಡೆಯ ಮೇಲೆ ಹುಡುಗನೊಬ್ಬನ ಫೋಟೋ ಇತ್ತು. ಕಿವಿ ಸ್ವಲ್ಪ ಅಗಲ, ನಗು ಅದಕ್ಕಿಂತ ಅಗಲ.

"ಮೊಮ್ಮಗನಾ?"

"ಹೂಂ."

"ಮಾಸ್ಕೋದಲ್ಲಿದಾನಂತೆ?"

"ಹಾಗಂತಾರೆ," ಎಂದು ಅಪಾ ಚಹಾ ಬಗ್ಗಿಸಿದಳು. ಮುಖದಲ್ಲಿ ಏನೂ ಇರಲಿಲ್ಲ. ಒಲೆ ಆರಿದ ಮೇಲಿನ ಅಡುಗೆಮನೆಯ ಹಾಗಿತ್ತು ಆ ಮುಖ.

ಅಷ್ಟರಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು ರಾಜಧಾನಿಯಿಂದ ಬಂದವಳನ್ನು ನೋಡಲು ಬಂದು ಕೂತರು.

"ಆರಾಮಾ ಅಪಾ? ಕಾಲು ನೋವು ಹೇಗಿದೆ?"

"ಆಕಳು ಕರು ಹಾಕ್ತಾ? ಹೆಣ್ಣೋ ಹೋರಿಯೋ?"

"ಹೋರಿ. ಅದಕ್ಕೂ ನಿನ್ನ ಗಂಡನ ಹಾಗೇ ಹಟ," ಎಂದಳು ಅಪಾ. ಹೆಂಗಸರು ನಕ್ಕರು. ಕೋಳಿಯ ವಿಷಯ ಕೇಳಿದರು, ಮೇವಿನ ವಿಷಯ ಕೇಳಿದರು, ಮೈರಮ್‌ಗೆ ಮಕ್ಕಳೆಷ್ಟು ಎಂದು ಕೇಳಿದರು. ಗೋಡೆಯ ಫೋಟೋದ ಕಡೆ ಒಬ್ಬರೂ ತಿರುಗಲಿಲ್ಲ.

ಹೊರಡುವಾಗ ಅಪಾ ಒಂದು ಹಿಡಿ ಬೋರ್ಸೋಕ್ ಕಾಗದದಲ್ಲಿ ಸುತ್ತಿ ಮೈರಮ್‌ಳ ಕೋಟಿನ ಜೇಬಿಗೆ ತುರುಕಿದಳು.

ಬೇಲಿಯ ಹತ್ತಿರ ಕುಬಾತ್ ಕಾಯುತ್ತಿದ್ದ.

"ಅಕ್ಕಾ, ನಾನೇ ತೆಗೆದಿದ್ದು. ಬರ್ಕೊಳ್ಳಿ."

"ಎಲ್ಲಿದೆ?"

"ಸುಟ್ಟೆ. ಶಾಲೆಯ ಒಲೇಲಿ."

"ಪ್ಲಾಸ್ಟಿಕ್ ಸುಟ್ಟಿದ್ರೆ ಶಾಲೆಯೆಲ್ಲ ನಾರ್ತಿತ್ತು. ಅಂಟಿಸಿದ ಪಟ್ಟಿ ಹೇಗೆ ತೆಗೆದ್ರಿ?"

"ಎಳೆದೆ."

"ಎಳೆದಿದ್ರೆ ಹರೀತಿತ್ತು. ಲೆಕ್ಕದ ಮೇಷ್ಟ್ರಿಗೆ ಸುಳ್ಳಿನ ಲೆಕ್ಕ ಬರಲ್ಲ ನೋಡಿ! ನಿಮ್ಮ ನೌಕರಿ ಹೋಗುತ್ತೆ, ಕೇಸು ಬೀಳುತ್ತೆ. ಯಾರನ್ನ ಕಾಪಾಡ್ತಿದೀರಿ?"

"ಯಾರನ್ನೂ ಅಲ್ಲ. ಯಾರು ತಗೊಂಡ್ರೋ ನನಗೂ ಗೊತ್ತಿಲ್ಲ," ಕುಬಾತ್ ಬೇಲಿಯ ಕಂಬ ಹಿಡಿದುಕೊಂಡ. "ವಿಚಾರಣೆ ನಿಲ್ಲಿಸಿಬಿಡಿ ಅಷ್ಟೇ. ನೀವು ಕೇಳ್ತಾ ಹೋದ್ರೆ ಅಪಾ ಕಿವಿಗೆ ಬೀಳುತ್ತೆ."

"ಏನು ಬೀಳುತ್ತೆ?"

ಅವನು ಅಪಾಳ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದ.

"ಎಲ್ದಿಯಾರ್ ಮಾಸ್ಕೋದಲ್ಲಿಲ್ಲ. ಡಿಸೆಂಬರಿನಲ್ಲಿ ತೀರಿಕೊಂಡ. ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಹೋಗ್ತಿದ್ದ. ಮೇಲಿಂದ ಬಿದ್ದ. ಅದೇ ವಾರ ಅಪಾಗೆ ಎದೆ ಆಪರೇಷನ್ ಆಗಿತ್ತು. ಹೇಳಿದ್ರೆ ಉಳಿಯಲ್ಲ ಅಂದ್ರು. ಅವನ ತಾಯಿಯ ತವರೂರಲ್ಲಿ ಮಣ್ಣು ಮಾಡಿ ಬಂದ್ವಿ. ಹಿಮ ಕರಗಲಿ, ಆಮೇಲೆ ಹೇಳೋಣ ಅಂದ್ರು ಹಿರಿಯರು."

"ಹಿಮ ಕರಗಿದೆ."

"ಹೌದು," ಎಂದ ಕುಬಾತ್. "ಯಾರಿಗೂ ಬಾಯಿ ಬರ್ತಿಲ್ಲ. ಅವರೇ ದಿನಾ ಗುಡಿಸೋ ಶಾಲೆ. ಹಾಜರೀಲಿ ಹೆಸರು ಹೊಡೆದ್ರೆ ಯಾರಾದ್ರೂ ಅಂದುಬಿಟ್ಟಾರು ಅಂತ ಅದನ್ನೂ ಹಾಗೇ ಬಿಟ್ವಿ."

ಆ ನಾಡಿನಲ್ಲಿ ಸಾವಿನ ಸುದ್ದಿಯನ್ನು ಯಾರೂ ಮುಖಕ್ಕೆ ಎಸೆಯುವುದಿಲ್ಲ. ಹಿರಿಯರು ಮನೆಗೆ ಬಂದು, ಕೂತು, ಕೈ ಹಿಡಿದು ಕೇಳಿಸಬೇಕು. ಅಲ್ಲಿಯವರೆಗೆ ಊರಿಗೆ ಊರೇ ನಾಲಿಗೆ ಕಟ್ಟಿಕೊಂಡಿರುತ್ತದೆ. ಕೇಳಿಸಿದ ಮೇಲೆಯೇ ಮನೆಯ ಹೆಣ್ಣು ಗೋಡೆಗೆ ಮುಖ ಮಾಡಿ ಕೂತು ದನಿ ತೆಗೆದು ಅಳುವುದು. ಮೈರಮ್‌ಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಅವಳ ಗಂಡನ ಸುದ್ದಿಯನ್ನೂ ಹಾಗೆಯೇ ಕೇಳಿಸಿದ್ದರು. ಅವತ್ತಿನಿಂದ ಅವಳೊಳಗೂ ಏನೋ ಮರಗಟ್ಟಿಹೋಗಿತ್ತು.

ಹೆಡ್ಮಾಸ್ಟರ ಕೋಣೆಗೆ ಎಲ್ಲರನ್ನೂ ಕರೆದಳು.

"ಪಟ್ಟಿಗೆ ಅಂಟು ಕಾಸಿಕೊಟ್ಟಿದ್ದು ಯಾರು?"

"ಬಾತ್ಮಾ ಅಪಾ," ಎಂದಳು ಗುಲ್ಜಾತ್.

"ನೀನು ವಿವರಿಸುವಾಗ ಬೇರೆ ಯಾರೂ ಇರಲಿಲ್ಲ ಅಂದೆ. ಅಂಟು ತಾನೇ ನಡ್ಕೊಂಡು ಬಂತಾ?"

ಗುಲ್ಜಾತ್ ಬಾಯಿಗೆ ಕೈ ಇಟ್ಟುಕೊಂಡಳು. "ಬಟ್ಟಲು ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ರು."

"ಕಪಾಟುಗಳೆಲ್ಲ ಒಂದೇ ಲಾರೀಲಿ ಬಂದವು ಅಂದ್ರಿ ಹೆಡ್ಮಾಸ್ಟರೇ. ಪೊರಕೆ ಇಡೋ ಕಪಾಟಿನ ಕೀಲಿ ಯಾರ ಹತ್ರ ಇದೆ? ಅದರಿಂದ ಇದನ್ನ ತೆರೆದು ನೋಡಿದೀರಾ? ಕೀಲಿ ಅದರ ಬೀಗದಲ್ಲೇ ಇತ್ತು, ನಾನು ಈಗಷ್ಟೇ ಹಾಕಿ ನೋಡಿದೆ. ತೆರೀತು."

"ಅಕ್ಕಾ, ಬೇಡ..." ಸಾದಿರ್ಬೆಕ್ ಎದ್ದು ನಿಂತ.

"ಹರಿಯದ ಪಟ್ಟೀನೇ ನಿಮ್ಮನ್ನೆಲ್ಲ ದಾರಿ ತಪ್ಪಿಸಿದ್ದು. ಪಟ್ಟಿ ಸರಿಯಾಗಿದೆ, ಹಾಗಾದ್ರೆ ಬೆಳಿಗ್ಗೆ ಕೀಲಿ ಹಾಕಿ ತೆಗೆದವನೇ ಕಳ್ಳ ಅಂದ್ಕೊಂಡ್ರಿ. ಮೈದಾ ಅಂಟು ಬಿಸಿನೀರಿನ ಬಟ್ಟೆ ತಾಗಿಸಿದ್ರೆ ಬಿಡುತ್ತೆ. ಹರಿಯದ ಹಾಗೆ ಬಿಡಿಸೋ ಕೈ ಬೇಕು ಅಷ್ಟೇ. ಈ ವಾರವೆಲ್ಲ ಈ ಶಾಲೆಯ ಕಿಟಕಿ ಪಟ್ಟಿಗಳನ್ನ ಬಿಡಿಸ್ತಾ ಇರೋದು ಯಾರು? ಹಗ್ಗದ ಮೇಲೆ ಒಣಗ್ತಿವೆ, ಒಂದೂ ಹರಿದಿಲ್ಲ. ನಿನ್ನೆ ಸಂಜೆ ಮನೇಲಿ ಬೋರ್ಸೋಕ್ ಕರಿದು, ಆ ಕೈಯಲ್ಲೇ ಬಂದು ಬಿಡಿಸಿ, ಮತ್ತೆ ಅಂಟಿಸಿದ್ರು. ಎಣ್ಣೆ ಬೆರಳಿನ ಗುರುತು ಉಳೀತು."

"ಆದ್ರೆ ಯಾಕೆ?" ಕುಬಾತ್ ಕೂಗಿದ. "ಮೊಮ್ಮಗ ಬದುಕಿದಾನೆ ಅಂದ್ಕೊಂಡಿರೋ ಮುದುಕಿಗೆ ಆ ಪುಸ್ತಿಕೆ ಯಾಕೆ?"

"ನೀವೆಲ್ಲ ಎಡವಿದ್ದು ಅಲ್ಲೇ. ಅವರಿಗೆ ಗೊತ್ತು."

ಮೈರಮ್ ಹಿಂದಿನ ಮನೆಯ ಕಡೆ ಕೈ ತೋರಿಸಿದಳು.

"ಹೋದವರಿಗೆ ಇಷ್ಟವಾದದ್ದನ್ನ ಅಲ್ವಾ ಗುರುವಾರ ಇಡೋದು? ಅಲ್ಲಿ ಸಿಹಿಹಾಲು ಇಟ್ಟಿದಾರೆ. ಅವರು ಸಿಹಿ ಮುಟ್ಟಲ್ಲ. ಮುದುಕ ಬದುಕಿದ್ದಾಗಲೇ ತಿಂತಿರಲಿಲ್ಲ. ಸಿಹಿಹಾಲು ಯಾರಿಗೆ ಇಷ್ಟ ಹೇಳಿ?"

"ಎಲ್ದಿಯಾರ್ ಡಬ್ಬಿಗೆ ತೂತು ಮಾಡಿ ಚೀಪ್ತಿದ್ದ," ಎಂದ ಕುಬಾತ್. "ಪಾಠದ ಮಧ್ಯೆ. ಬೈತಿದ್ದೆ."

ಅವರು ನಾಲ್ವರೂ ಹಿಂದಿನ ಮನೆಗೆ ಹೋದರು. ಬಾತ್ಮಾ ಅಪಾ ಅವರನ್ನು ನೋಡಿದಳು, ಎದ್ದಳು, ಗೋಡೆಯ ಪಕ್ಕ ಒಟ್ಟಿದ್ದ ರಜಾಯಿಗಳ ನಡುವೆ ಕೈ ಹಾಕಿ ಪುಸ್ತಿಕೆ ತೆಗೆದು ಮೈರಮ್‌ಳ ಕೈಗಿಟ್ಟಳು. ಹೊದಿಕೆ ಒಡೆದಿರಲಿಲ್ಲ. ಗುಲ್ಜಾತ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಉಸಿರುಬಿಟ್ಟಳು. ಪರೀಕ್ಷೆ ಉಳಿಯಿತು, ಕುಬಾತನ ನೌಕರಿ ಉಳಿಯಿತು, ದೇಶದ ಕೊನೆಯ ಸಾಲೂ ಉಳಿಯಿತು.

"ಅವನು ಬಂದಿಲ್ಲ ಅಂತ ಬರೀತಾರಂತೆ," ಎಂದಳು ಅಪಾ. "ಜ್ವರ ಬಂದ್ರೂ ಶಾಲೆ ತಪ್ಪಿಸಿದವನಲ್ಲ ನನ್ನ ಮಗು. ಬಾರದವನು ಅನ್ನಿಸ್ಕೋಬೇಕಾ?"

"ನಿಮಗೆ ಹೇಗೆ ಗೊತ್ತಾಯ್ತು ಅಪಾ?" ಸಾದಿರ್ಬೆಕ್ ಕೇಳಿದ.

"ನೀವೆಲ್ಲ ಕೇಳೋದು ನಿಲ್ಲಿಸಿದ್ರಲ್ಲ. ದಿನಾ ಬಾಗಿಲಿಗೆ ಬಂದು 'ಎಲ್ದಿಯಾರ್ ಫೋನ್ ಮಾಡಿದ್ನಾ' ಅಂತಿದ್ರಿ. ಆಸ್ಪತ್ರೆಯಿಂದ ಬಂದ ಮೇಲೆ ಒಬ್ರೂ ಕೇಳಲಿಲ್ಲ. ಆಕಳ ವಿಷಯ ಕೇಳ್ತೀರಿ, ಕೋಳಿ ವಿಷಯ ಕೇಳ್ತೀರಿ."

"ಮತ್ತೆ ನೀವು ಯಾಕೆ ಸುಮ್ಮನಿದ್ರಿ?"

"ನನಗೆ ಯಾರು ಹೇಳಿದ್ರು?" ಅಪಾ ತಿರುಗಿ ಕೇಳಿದಳು. "ಹೇಳದೇ ಇದ್ರೆ ಹೇಗೆ ಅಳಲಿ? ಯಾರ ಮುಂದೆ ಅಳಲಿ? ನೀವು ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ ದಿನಾ ಚಹಾ ಕಾಸಿಡ್ತಾ ಇದ್ದೆ."

ಸಾದಿರ್ಬೆಕ್ ಅವಳೆದುರು ಮೊಣಕಾಲೂರಿ ಕೂತು ಅವಳ ಎರಡೂ ಕೈ ಹಿಡಿದುಕೊಂಡ. "ಅಪಾ, ನಿಮ್ಮ ಹಕ್ಕಿ ಹಾರಿಹೋಯ್ತು. ನಮ್ಮನ್ನ ಕ್ಷಮಿಸಿ."

ಬಾತ್ಮಾ ಅಪಾ ತಲೆಯಾಡಿಸಿದಳು. ಗೋಡೆಗೆ ಮುಖ ಮಾಡಿ ಕೂತಳು. ಬಾಯಿ ತೆರೆದಳು. ದನಿ ಬರಲಿಲ್ಲ. ಎದ್ದಳು. "ಚಹಾ ಆರಿಹೋಯ್ತು, ಮತ್ತೆ ಕಾಸ್ತೀನಿ," ಎಂದಳು.

ಪರೀಕ್ಷೆ ಮರುದಿನಕ್ಕೆ ಹೋಯಿತು. ಮಕ್ಕಳು ಮತ್ತೆ ಬಿಳಿ ಅಂಗಿ ತೊಟ್ಟು ಬಂದು ಕೂತರು. ಗುಲ್ಜಾತ್ ಹೆಸರು ಕೂಗುತ್ತ ಹೋದಳು. ಹೊರಗೆ ಪಡಸಾಲೆಯಲ್ಲಿ ಬಾತ್ಮಾ ಅಪಾಳ ಪೊರಕೆಯ ಸದ್ದು ಕೇಳುತ್ತಿತ್ತು.

"ಎಲ್ದಿಯಾರ್."

ಪೊರಕೆ ನಿಂತಿತು. ಮಕ್ಕಳು ಮೇಷ್ಟ್ರನ್ನು ನೋಡಿದರು. ಕುಬಾತ್ ಎದ್ದು ನಿಂತ.

"ತೀರಿಕೊಂಡ," ಎಂದ, ಪಡಸಾಲೆಗೂ ಕೇಳುವ ಹಾಗೆ.

ಆಗ ಪಡಸಾಲೆಯಿಂದ ದನಿ ಎದ್ದಿತು. ಮೊದಲು ಮುರುಕು ಮುರುಕಾಗಿ, ಆಮೇಲೆ ಉದ್ದಕ್ಕೆ, ಅವನ ಹೆಸರು ಹಿಡಿದು, ಅವನ ಅಗಲ ಕಿವಿ, ಅವನ ಸಿಹಿಬಾಯಿ ಎಲ್ಲವನ್ನೂ ಹಾಡಿ ಅಳುವ ದನಿ. ಆ ದನಿಗೇ ಕಾಯುತ್ತಿದ್ದವರ ಹಾಗೆ ಒಂದೊಂದು ಮನೆಯಿಂದಲೂ ಹೆಂಗಸರು ತಲೆವಸ್ತ್ರ ಬಿಗಿದುಕೊಳ್ಳುತ್ತ ಶಾಲೆಯ ಕಡೆ ಓಡಿಬಂದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು ಬಿಕ್ಕಿದಳು.

ಗುಲ್ಜಾತ್ ಗಡಿಯಾರ ನೋಡಿದಳು. "ಅಕ್ಕಾ, ಹೊತ್ತು ಮೀರಿದ್ರೆ ಮೇಲಿನವರು ಕಾರಣ ಕೇಳ್ತಾರೆ."

"ಕೇಳಲಿ," ಎಂದಳು ಮೈರಮ್. "ಇವತ್ತಾದ್ರೂ ಕೇಳಲಿ."

ಮಧ್ಯಾಹ್ನ ಪೆಟ್ಟಿಗೆ ಕಟ್ಟಿ ಜೀಪು ಹತ್ತಿದಳು. ಕೈ ಬೆಚ್ಚಗಿಡಲು ಜೇಬಿಗೆ ಹಾಕಿದಾಗ ಕಾಗದದ ಪೊಟ್ಟಣ ಸಿಕ್ಕಿತು. ಬೋರ್ಸೋಕ್ ಗಟ್ಟಿಯಾಗಿಹೋಗಿತ್ತು. ಅಳು ಬರಬಹುದೇನೋ ಎಂದು ಕಾದಳು, ಬರಲಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದಳು.

"ಎಲ್ದಿಯಾರನಿಗೆ ಸೇರಲಿ," ಎಂದು ಇನ್ಯಾರಿಗೂ ಕೇಳದ ಹಾಗೆ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ತುಂಡು ತೆಗೆದುಕೊಂಡು, ಬಹಳ ದಿನಗಳಿಂದ ಬಾಯಲ್ಲಿ ಬಾರದ ತನ್ನ ಗಂಡನ ಹೆಸರನ್ನೂ ಹೇಳಿದಳು.